ಅಳಿಸಿದ ಕಡತದ ಗತಿಯೇನು?

ಸ್ಲೇಟಿನ ಮೇಲೆ ಬರೆದುದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಬರಹ ಇಲ್ಲವಾಗುವುದು. ಬಳಪದ ಕಣಗಳು ಬಟ್ಟೆಗೆ ಅಂಟಿಕೊಂಡು ಹೋಗುವುವು. ಕಂಪ್ಯೂಟರಿನಲ್ಲಿ ಒಂದು ಕಡತವನ್ನು ಅಳಿಸಿದಾಗಲೂ ಹೀಗೆಯೇ ಆಗುವುದೆಂದು ಬಹುಮಂದಿ ಭಾವಿಸಿರುವರು. ನಾವೂ ಹಾಗೆಯೇ ಭಾವಿಸಿದ್ದೆವು. ಆ ಭಾವನೆಯನ್ನು ತಿದ್ದಿದ ಒಂದು ಪ್ರಸಂಗವನ್ನು ಮೊದಲು ಹೇಳಿ, ಅನಂತರ ಅದರ ಹಿಂದಿರುವ ತತ್ತ್ವವನ್ನು ವಿಚಾರಮಾಡೋಣ.

ನಮ್ಮ ಬಿ.ಎಸ್‌ಸಿ. ವಿದ್ಯಾರ್ಥಿಗಳು ಒಂದು ವರ್ಷಕಾಲ ದಿನವೂ ಗೈಗರ್ ಯಂತ್ರದಿಂದ ಪರಿಸರದ ಸಹಜ ವಿಕಿರಣವನ್ನು ಎಣಿಸಿ, ಆ ಅಂಕಿಗಳನ್ನು ಕಾಲೇಜಿನ ದಾಖಲೆ ನಿರ್ವಹಣಾ ವ್ಯವಸ್ಥೆಯಲ್ಲಿ ಸೇರಿಸುತ್ತಿದ್ದರು. 2024ರ ಏಪ್ರಿಲ್ 12ರಂದು ಹಳೆಯ ಕಡತಗಳನ್ನು ತೆಗೆದುಹಾಕುವಾಗ ನಾವು ಅದನ್ನೂ ಅಳಿಸಿಬಿಟ್ಟೆವು. ಸಾಲದುದಕ್ಕೆ ಕಸದ ಬುಟ್ಟಿಯನ್ನೂ ಬರಿದುಮಾಡಿದೆವು. ಜುಲೈ 8ರಂದು ವರದಿ ಬರೆಯಲು ಕುಳಿತ ವಿದ್ಯಾರ್ಥಿಗಳು ಅಂಕಿಗಳನ್ನು ಕೇಳಿದಾಗಲೇ ನಮಗೆ ಅರಿವಾದುದು. ಲೋಲಕದ ಪ್ರಯೋಗವನ್ನಾದರೆ ಮತ್ತೊಮ್ಮೆ ಮಾಡಬಹುದು. ಕಳೆದುಹೋದ ವರ್ಷವನ್ನು ಮತ್ತೆ ಅಳೆಯುವುದೆಂತು?

ವ್ಯವಸ್ಥೆಯನ್ನು ನೋಡಿಕೊಳ್ಳುವ ಕಿರಿಯ ಸಹೋದ್ಯೋಗಿಯ ಬಳಿಗೆ ಹೋದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಅಳಿಸಿದ ತಾರೀಖು ಯಾವುದು ಸಾರ್?” ಹೇಳಿದೆವು. ಬೆರಳೆಣಿಸಿ, “ಎಂಬತ್ತೇಳು ದಿನ ಆಗಿದೆ. ಇನ್ನೂ ಆರು ದಿನ ಉಳಿದಿವೆ” ಎಂದರು. ಕೆಲವು ನಿಮಿಷಗಳಲ್ಲಿ ಕಡತವು ತನ್ನ ಹಳೆಯ ಸ್ಥಾನದಲ್ಲಿಯೇ ಇದ್ದಿತು.

ಸೂಚಿಯೂ ಒಡಲೂ

ಪುಸ್ತಕಾಲಯದಲ್ಲಿ ಪುಸ್ತಕಗಳು ಕಪಾಟಿನಲ್ಲಿರುವುವು. ಯಾವ ಪುಸ್ತಕ ಎಲ್ಲಿದೆ ಎಂಬ ವಿವರವು ಸೂಚೀಪತ್ರದಲ್ಲಿರುವುದು. ಸೂಚೀಪತ್ರದಿಂದ ಒಂದು ಚೀಟಿಯನ್ನು ಹರಿದುಹಾಕಿದರೆ ಪುಸ್ತಕವು ನಾಶವಾಗುವುದಿಲ್ಲ, ಸಿಕ್ಕದಂತಾಗುತ್ತದೆ, ಅಷ್ಟೆ. ಕಂಪ್ಯೂಟರಿನ ಕಡತಕ್ಕೂ ಹೀಗೆಯೇ ಎರಡು ಭಾಗಗಳುಂಟು: ಕಡತದ ಒಡಲು ಒಂದು, ಅದರ ಹೆಸರು ಮತ್ತು ಸ್ಥಾನಗಳನ್ನು ತಿಳಿಸುವ ಸೂಚಿ ಇನ್ನೊಂದು. ಅಳಿಸುವಿಕೆಯು ಸಾಮಾನ್ಯವಾಗಿ ಸೂಚಿಯನ್ನು ಮಾತ್ರ ಮುಟ್ಟುವುದು.

ಡಾಸ್ ಕಾಲದ ಕಂಪ್ಯೂಟರುಗಳಲ್ಲಿ ಇದನ್ನು ಸ್ಪಷ್ಟವಾಗಿ ಕಾಣಬಹುದಾಗಿತ್ತು. ಅಲ್ಲಿ ಕಡತವನ್ನು ಅಳಿಸಿದಾಗ ಸೂಚಿಯಲ್ಲಿ ಹೆಸರಿನ ಮೊದಲ ಅಕ್ಷರದ ಸ್ಥಾನದಲ್ಲಿ 229 ಎಂಬ ಸಂಖ್ಯೆಯನ್ನು ಬರೆದು, ಆ ಕಡತಕ್ಕೆ ಕೊಟ್ಟಿದ್ದ ಜಾಗಗಳೆಲ್ಲವೂ ತೆರವಾಗಿವೆಯೆಂದು ಗುರುತುಮಾಡಲಾಗುತ್ತಿತ್ತು. ಒಡಲು ಇದ್ದಲ್ಲಿಯೇ ಇರುತ್ತಿತ್ತು. ಈ ರಹಸ್ಯವನ್ನು ಅರಿತ ಪೀಟರ್ ನಾರ್ಟನ್ ಎಂಬಾತನು 1982ರಲ್ಲಿ ಅಳಿಸಿದ ಕಡತವನ್ನು ಮರಳಿ ತರುವ ಕ್ರಮವಿಧಿಯನ್ನು ಮಾರಾಟಕ್ಕೆ ತಂದನು. ಕಳೆದುಹೋದ ಮೊದಲ ಅಕ್ಷರವೊಂದನ್ನು ಬಳಕೆದಾರನೇ ಹೇಳಬೇಕಾಗಿತ್ತು!

ಎರಡು ಬುಟ್ಟಿಗಳು

ಅನೇಕರು ಒಟ್ಟಾಗಿ ಬಳಸುವ ದಾಖಲೆ ನಿರ್ವಹಣಾ ವ್ಯವಸ್ಥೆಯಲ್ಲಿ ಇದೇ ತತ್ತ್ವವನ್ನು ಉದ್ದೇಶಪೂರ್ವಕವಾಗಿ ಅಳವಡಿಸಲಾಗಿದೆ. ನಮ್ಮಲ್ಲಿ ಬಳಕೆಯಲ್ಲಿದ್ದ ಶೇರ್‌ಪಾಯಿಂಟ್ ಆನ್‌ಲೈನ್ ವ್ಯವಸ್ಥೆಯನ್ನೇ ನೋಡೋಣ. ಕಡತವನ್ನು ಅಳಿಸಿದೊಡನೆ ಅದು ಮೊದಲನೆಯ ಬುಟ್ಟಿಗೆ ಸೇರುವುದು. ಅಳಿಸಿದವನೇ ಅದನ್ನು ಮೇಲೆತ್ತಿಕೊಳ್ಳಬಹುದು. ಆ ಬುಟ್ಟಿಯನ್ನೂ ಬರಿದುಮಾಡಿದರೆ ಕಡತವು ಎರಡನೆಯ ಬುಟ್ಟಿಗೆ ಹೋಗುವುದು. ಇದು ಆಡಳಿತಗಾರನ ಕಣ್ಣಿಗೆ ಮಾತ್ರ ಬೀಳುವುದು. ಎರಡೂ ಬುಟ್ಟಿಗಳಲ್ಲಿ ಸೇರಿ ಒಟ್ಟು ಅವಧಿ 93 ದಿನ. ಎಣಿಕೆಯು ಮೊದಲು ಅಳಿಸಿದ ದಿನದಿಂದಲೇ ಆರಂಭವಾಗುವುದು, ಬುಟ್ಟಿ ಬದಲಾದಾಗ ಹೊಸದಾಗಿ ಆರಂಭವಾಗುವುದಿಲ್ಲ. ನಮ್ಮ 87 ದಿನಗಳ ಲೆಕ್ಕವು ಬಂದುದು ಹೀಗೆ.

ಕಡತವನ್ನು ಅಳಿಸದೆ, ಅದರೊಳಗಿನ ಬರಹವನ್ನು ಕೆಡಿಸಿ ಉಳಿಸಿದರೆ ಬುಟ್ಟಿಯಲ್ಲಿ ಹುಡುಕಿ ಫಲವಿಲ್ಲ. ಅಂತಹ ಸಂದರ್ಭದಲ್ಲಿ ಹಿಂದಿನ ಆವೃತ್ತಿಗಳ ಪಟ್ಟಿಯನ್ನು ತೆರೆದು, ಕೆಡುವುದಕ್ಕೆ ಮುಂಚಿನ ಪ್ರತಿಯನ್ನು ಆರಿಸಿಕೊಳ್ಳಬೇಕು.

ಆದರೆ ಒಡಲು ಹೇಗೂ ಇರುವುದಾದರೆ ಅವಧಿಯ ಕಟ್ಟುಪಾಡು ಏಕೆ? ಕಪಾಟಿನಲ್ಲಿ ಸ್ಥಳವು ಮಿತವಾದುದರಿಂದ. ಅವಧಿ ಮುಗಿದ ಮೇಲೆ ಆ ಸ್ಥಳವು ಬೇರೊಬ್ಬರ ಕಡತಕ್ಕೆ ದೊರೆಯುವುದು. ಸಾವಿರಾರು ಜನರು ಹಗಲಿರುಳೂ ಬರೆಯುತ್ತಿರುವ ಸಾಮೂಹಿಕ ಡಿಸ್ಕುಗಳನ್ನು ಒಬ್ಬರಿಗಾಗಿ ಅಗೆದು ನೋಡುವುದು ಆಗುವ ಮಾತಲ್ಲ.

ತಟ್ಟೆಯ ಮೇಲಿನ ಅಯಸ್ಕಾಂತಗಳು

ಇನ್ನು ಭೌತಶಾಸ್ತ್ರದ ಕಡೆಗೆ ಬರೋಣ. ಹಾರ್ಡ್ ಡಿಸ್ಕಿನ ತಟ್ಟೆಯ ಮೇಲೆ ಕಾಂತಗುಣವುಳ್ಳ ತೆಳುವಾದ ಲೇಪವಿರುವುದು. ಅದರ ಸೂಕ್ಷ್ಮ ಪ್ರದೇಶಗಳು ಪುಟ್ಟ ಅಯಸ್ಕಾಂತಗಳಂತೆ ವರ್ತಿಸುವುವು. ಅವುಗಳ ದಿಕ್ಕು ಬದಲಾಗುವುದೂ ಬದಲಾಗದಿರುವುದೂ 1 ಮತ್ತು 0ಗಳ ಗುರುತಾಗುವುದು. ವಿದ್ಯುತ್ತು ನಿಂತರೂ ಅಯಸ್ಕಾಂತದ ದಿಕ್ಕು ಹಾಗೆಯೇ ನಿಲ್ಲುವುದು. ಮತ್ತೊಂದು ಕಾಂತಕ್ಷೇತ್ರವು ಬಂದು ತಿರುಗಿಸುವವರೆಗೂ ಬರಹ ಅಳಿಯದು. ಆದುದರಿಂದ ಒಡಲಿಗೆ ನಿಜವಾದ ಶತ್ರುವು ಅಳಿಸುವಿಕೆಯಲ್ಲ, ಅದರ ಮೇಲೆಯೇ ಮತ್ತೆ ಬರೆಯುವಿಕೆ. ಇಂದಿನ ಡಿಸ್ಕಿನಲ್ಲಿ ಒಮ್ಮೆ ಮೇಲೆ ಬರೆದರೆ ಸಾಕು, ಹಳೆಯ ಬರಹವನ್ನು ಪಡೆಯುವಂತಿಲ್ಲ.

ಕಾಂತಲೇಪದ ಈ ದೃಢತೆಗೆ ಒಂದು ಮನಮುಟ್ಟುವ ನಿದರ್ಶನವಿದೆ. 2003ರ ಫೆಬ್ರವರಿ 1ರಂದು ಕೊಲಂಬಿಯ ಬಾಹ್ಯಾಕಾಶ ನೌಕೆಯು ಭೂಮಿಗೆ ಮರಳುವಾಗ ಒಡೆದುಹೋಗಿ, ಕಲ್ಪನಾ ಚಾವ್ಲಾ ಸೇರಿದಂತೆ ಏಳು ಮಂದಿ ಅಸುನೀಗಿದರು. ನೌಕೆಯಲ್ಲಿ ಕ್ಸೆನಾನ್ ಅನಿಲದ ಸ್ನಿಗ್ಧತೆಯನ್ನು ಅಳೆಯುವ ಪ್ರಯೋಗವೊಂದು ನಡೆದಿತ್ತು. ಅವಶೇಷಗಳ ನಡುವೆ ಅದರ ಡಿಸ್ಕು ಸುಟ್ಟು ಕರಕಲಾಗಿ ದೊರೆಯಿತು. ತಜ್ಞರು ತಟ್ಟೆಗಳನ್ನು ಶುಚಿಗೊಳಿಸಿ ಬೇರೊಂದು ಯಂತ್ರಕ್ಕೆ ಅಳವಡಿಸಿ, ಸುಮಾರು ಶೇಕಡ 99ರಷ್ಟು ಮಾಹಿತಿಯನ್ನು ಓದಿದರು. ಪ್ರಯೋಗದ ಫಲಿತಾಂಶವು 2008ರಲ್ಲಿ ‘ಫಿಸಿಕಲ್ ರಿವ್ಯೂ ಇ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಫ್ಲ್ಯಾಷ್ ಸ್ಮೃತಿಯ ರೀತಿ ಬೇರೆ

ಎಸ್‌ಎಸ್‌ಡಿಗಳಲ್ಲಿ ಅಯಸ್ಕಾಂತವಿಲ್ಲ, ನಿರೋಧಕ ಪದರದ ನಡುವೆ ಸೆರೆಯಾದ ಎಲೆಕ್ಟ್ರಾನುಗಳೇ ಗುರುತು. ಇಲ್ಲಿ ಬರೆದುದರ ಮೇಲೆ ನೇರವಾಗಿ ಮತ್ತೆ ಬರೆಯಲಾಗದು; ಮೊದಲು ಒಂದು ದೊಡ್ಡ ಖಂಡವನ್ನೇ ಒಟ್ಟಿಗೆ ಬರಿದುಮಾಡಬೇಕು. ಅದಕ್ಕೆ ಹೊತ್ತು ಹಿಡಿಯುವುದರಿಂದ, ಕಡತವನ್ನು ಅಳಿಸಿದೊಡನೆ ಕಂಪ್ಯೂಟರು ‘ಟ್ರಿಮ್’ ಎಂಬ ಆಜ್ಞೆಯ ಮೂಲಕ ಈ ಜಾಗವು ಬೇಡವೆಂದು ಡಿಸ್ಕಿಗೆ ತಿಳಿಸುವುದು. ಡಿಸ್ಕು ತನಗೆ ಬಿಡುವಾದಾಗ ಅದನ್ನು ಬರಿದುಮಾಡಿಕೊಳ್ಳುವುದು. ಆದಕಾರಣ ಇಂತಹ ಡಿಸ್ಕಿನಲ್ಲಿ ಬುಟ್ಟಿಯಿಂದಾಚೆಗೆ ಹೋದ ಕಡತವನ್ನು ಮರಳಿ ಪಡೆಯುವ ಆಸೆ ಬಹಳ ಕಡಿಮೆ.

ಮಾಡತಕ್ಕದ್ದೇನು?

ಮೊದಲನೆಯದಾಗಿ, ಗಾಬರಿಯಾಗದೆ ಅಳಿಸಿದ ತಾರೀಖನ್ನು ನೆನಪುಮಾಡಿಕೊಳ್ಳಬೇಕು. ಎರಡನೆಯದಾಗಿ, ಬುಟ್ಟಿಯನ್ನೂ ಹಿಂದಿನ ಆವೃತ್ತಿಗಳನ್ನೂ ನೋಡಬೇಕು. ಸಿಕ್ಕದಿದ್ದರೆ ತಡಮಾಡದೆ ಆಡಳಿತಗಾರನಿಗೆ ಹೇಳಬೇಕು. ನಾಚಿಕೆಯಿಂದ ಕಳೆದ ಒಂದೊಂದು ದಿನವೂ ಅವಧಿಯಲ್ಲಿ ಒಂದು ದಿನವೇ. ಮೂರನೆಯದಾಗಿ, ಕಡತವು ಸ್ವಂತ ಕಂಪ್ಯೂಟರಿನದಾದರೆ, ಅದರ ಡಿಸ್ಕಿನ ಮೇಲೆ ಏನನ್ನೂ ಬರೆಯದೆ ಬಳಕೆಯನ್ನು ನಿಲ್ಲಿಸಬೇಕು. ಮರಳಿ ತರುವ ಕ್ರಮವಿಧಿಯನ್ನು ಕೂಡ ಅದೇ ಡಿಸ್ಕಿನಲ್ಲಿ ಇಳಿಸಿಕೊಳ್ಳಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಮತ್ತೆ ಅಳೆಯಲಾಗದ ಅಂಕಿಗಳಿಗೆ ಬೇರೊಂದು ಸ್ಥಳದಲ್ಲಿ ಪ್ರತಿಯೊಂದಿರಬೇಕು. ಅಂದಿನಿಂದ ನಮ್ಮ ವಿದ್ಯಾರ್ಥಿಗಳು ಗೈಗರ್ ಅಂಕಿಗಳನ್ನು ನೋಟ್‌ಬುಕ್ಕಿನಲ್ಲಿ ಶಾಯಿಯಿಂದಲೂ ಬರೆಯುತ್ತಿರುವರು.

ಅಭ್ಯಾಸಕ್ಕೆ

1. 2025ರ ಮೇ 20ರಂದು ಅಳಿಸಿದ ಕಡತವು ಜೂನ್ 30ರಂದು ಎರಡನೆಯ ಬುಟ್ಟಿಗೆ ಹೋಯಿತು. ಅದರ 93ನೆಯ ದಿನ ಯಾವುದು?

2. ಅಳಿಸಿದ ಕಡತದ ಸೂಚಿಯು ನಾಶವಾಗಿದೆ. ಒಡಲು ಡಿಸ್ಕಿನ ಹತ್ತು ಕಡೆಗಳಲ್ಲಿ ಚದರಿದೆ. ಒಂದೇ ಕಡೆ ಇರುವ ಒಡಲಿಗಿಂತ ಇದನ್ನು ಮರಳಿ ತರುವುದು ಏಕೆ ಕಷ್ಟ?

3. ಹಳೆಯ ಕಂಪ್ಯೂಟರನ್ನು ಮಾರುವ ಮುನ್ನ ಕಡತಗಳನ್ನು ಅಳಿಸಿದರಷ್ಟೇ ಸಾಲದು. ಕಾರಣವೇನು?