ಶಿಬಿರಕ್ಕೆ ಹೋದ ಹದಿನೇಳರ ಮಕ್ಕಳು: ದೂರು ಎಲ್ಲಿಗೆ?

ಪದವಿಯ ಮೊದಲ ವರ್ಷಕ್ಕೆ ಸೇರುವ ಎಷ್ಟೋ ಹುಡುಗ ಹುಡುಗಿಯರಿಗೆ ಆಗಿನ್ನೂ ಹದಿನೇಳು. ಡಿಪ್ಲೊಮಾ ಸೇರಿದವರು ಇನ್ನೂ ಚಿಕ್ಕವರು. ಕಾಲೇಜು ಮೆಟ್ಟಿಲು ಹತ್ತಿದ ಮೇಲೆ ದೊಡ್ಡವರಾದರು ಎಂದು ಮನೆಯವರೂ ತಿಳಿಯುತ್ತಾರೆ, ಪ್ರಾಂಶುಪಾಲರೂ ತಿಳಿಯುತ್ತಾರೆ, ಕೆಲವೊಮ್ಮೆ ಪೊಲೀಸರೂ ತಿಳಿಯುತ್ತಾರೆ. ಕಾನೂನು ಹಾಗೆ ತಿಳಿಯುವುದಿಲ್ಲ. 2012ರ ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೊ, ಹದಿನೆಂಟು ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಹುಡುಗರೂ ಇದರೊಳಗೇ ಬರುತ್ತಾರೆ.

ಈ ವಯಸ್ಸಿನವರು ಮನೆ ಬಿಟ್ಟು ರಾತ್ರಿ ಹೊರಗೆ ಉಳಿಯುವುದು ಹೆಚ್ಚಾಗಿ ವಿಶ್ವವಿದ್ಯಾಲಯದ ಕಾರ್ಯಕ್ರಮಗಳಲ್ಲಿ: ಯುವಜನೋತ್ಸವ, ಅಂತರ ಕಾಲೇಜು ಕ್ರೀಡಾಕೂಟ, ಎನ್‌ಎಸ್‌ಎಸ್ ಶಿಬಿರ. 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆಯ ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಕೊಪ್ಪಳ ಜಿಲ್ಲೆಯ ಪದವಿ ಕಾಲೇಜುಗಳು ಹಿಂದೆ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿದ್ದವು, ಈಗ ಕೊಪ್ಪಳಕ್ಕೇ ಸ್ವಂತ ವಿಶ್ವವಿದ್ಯಾಲಯವಿದೆ. ಹೆಸರು ಬದಲಾದರೂ ಶಿಬಿರದ ರೀತಿ ಅದೇ: ಹಳ್ಳಿಯ ಶಾಲೆಯಲ್ಲೋ ಸಮುದಾಯ ಭವನದಲ್ಲೋ ವಸತಿ, ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ. ಅದನ್ನು ನೋಡಲು ಊರಿನ ಸಣ್ಣ ಮಕ್ಕಳೂ ಬಂದು ಕೂರುತ್ತಾರೆ. ಅವರ ಸುರಕ್ಷೆಯ ಹೊಣೆ ಯಾರದೆಂದು ಶಿಬಿರದ ಕರಪತ್ರದಲ್ಲಿ ಹುಡುಕಿದರೂ ಸಿಗುವುದು ಕಡಿಮೆ.

ಹೊರಡುವ ಮೊದಲು ಪಾಲಕರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಏನೇ ಅನಾಹುತವಾದರೂ ಸಂಸ್ಥೆ ಹೊಣೆಯಲ್ಲ ಎಂಬ ಸಾಲು ಅದರಲ್ಲಿ ತಪ್ಪದೆ ಇರುತ್ತದೆ. ಕೊಪ್ಪಳದ ಹತ್ತಿರದ ಗಿಣಿಗೇರಾದ ಉಕ್ಕಿನ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಓದದೇ ಸಹಿ ಹಾಕಿರುತ್ತಾನೆ. ಆ ಸಹಿಯಿಂದ ಅಪರಾಧ ಮನ್ನಾ ಆಗುವುದಿಲ್ಲ. ಹದಿನೇಳರ ಹುಡುಗಿಯಿಂದಲೇ ಬರೆಸಿಕೊಂಡಿದ್ದರೆ ಅದು ಕರಾರೇ ಅಲ್ಲ, ಅಪ್ರಾಪ್ತರಿಗೆ ಕರಾರು ಮಾಡುವ ಅರ್ಹತೆಯೇ ಇಲ್ಲ. ತುಂಗಭದ್ರೆಯ ದಡಕ್ಕೆ ಕರೆದೊಯ್ದು ಹುಡುಗರನ್ನು ನೀರಿಗಿಳಿಯಲು ಬಿಟ್ಟವರ ನಿರ್ಲಕ್ಷ್ಯವೂ ಆ ಕಾಗದದಿಂದ ಅಳಿಯುವುದಿಲ್ಲ. ಆದರೂ "ನೀವೇ ಬರೆದುಕೊಟ್ಟೀರಲ್ರೀ" ಎಂಬ ಒಂದೇ ಮಾತಿಗೆ ಪಾಲಕರು ವಾಪಸಾಗುತ್ತಾರೆ.

ಇದಕ್ಕಿಂತ ದೊಡ್ಡ ಮೋಸ ನಡೆಯುವುದು ಘಟನೆಯ ನಂತರ. ಹುಡುಗಿ ಶಿಬಿರದಿಂದ ಅಳುತ್ತ ಬಂದು ತಾಯಿಗೆ ಹೇಳುತ್ತಾಳೆ. ತಾಯಿ-ತಂದೆ ನೇರ ಕಾಲೇಜಿಗೆ ಹೋಗುತ್ತಾರೆ. ಠಾಣೆಯ ಭಯ ಇದ್ದವರಿಗೆ ಪ್ರಾಂಶುಪಾಲರ ಕೋಣೆಯೇ ಹತ್ತಿರ. ಅಲ್ಲಿ ಕುರ್ಚಿ ಕೊಟ್ಟು, ಚಹಾ ತರಿಸಿ, "ಆಂತರಿಕ ಸಮಿತಿ ಅದೆ, ವಿಚಾರಣೆ ಮಾಡ್ತೀವಿ, ಹುಡುಗಿ ಹೆಸರು ಹೊರಗೆ ಬರೋದು ಬ್ಯಾಡ" ಎನ್ನುತ್ತಾರೆ. ಮೂರು ವಾರ ಕಳೆಯುತ್ತದೆ. ಅಷ್ಟರಲ್ಲಿ ಊರ ಹಿರಿಯರೊಬ್ಬರು, ಸಂಘಟನೆಯ ಮುಖಂಡನೊಬ್ಬ ನಡುವೆ ಬಂದು ಬಾಂಡ್ ಪೇಪರ್ ಮೇಲೆ ರಾಜಿ ಬರೆಸುತ್ತಾರೆ. ಅವರ ಪಾಲು ಎಷ್ಟೆಂದು ಯಾರೂ ಕೇಳುವುದಿಲ್ಲ.

ಆಂತರಿಕ ಸಮಿತಿ ಸುಳ್ಳಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಮತ್ತು 2015ರ ಯುಜಿಸಿ ನಿಯಮಗಳ ಪ್ರಕಾರ ಅದು ಇರಲೇಬೇಕು. 2013ರ ಕಾಯ್ದೆಯಲ್ಲಿ, ನೊಂದ ಮಹಿಳೆ ತಾನೇ ಕೇಳಿಕೊಂಡರೆ, ಸಂಧಾನಕ್ಕೂ ಜಾಗವಿದೆ. ಎಡವಟ್ಟು ಹುಟ್ಟುವುದೇ ಇಲ್ಲಿ. ನೊಂದವರು ಹದಿನೆಂಟರ ಒಳಗಿದ್ದು ನಡೆದದ್ದು ಲೈಂಗಿಕ ಅಪರಾಧವಾದರೆ ಅದು ಪೋಕ್ಸೊ, ಅದರಲ್ಲಿ ರಾಜಿ ಎಂಬ ಬಾಗಿಲೇ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ ಅಥವಾ ದಂಡ. ತನ್ನ ಕೈಕೆಳಗಿನವನ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸಜೆ, ಜೊತೆಗೆ ದಂಡ. ಸಮಿತಿಯ ವರದಿ ಬರಲಿ ಎಂದು ಕಾಯುವ ಪ್ರಾಂಶುಪಾಲರು ಹುಡುಗಿಯ ಮಾನ ಕಾಯುತ್ತಿಲ್ಲ, ತಾವೇ ಅಪರಾಧ ಮಾಡುತ್ತಿದ್ದಾರೆ. ರಾಜಿಗೆ ಒಪ್ಪಿ ಸುಮ್ಮನಾದ ತಂದೆಯ ಮೇಲೂ ಇದೇ ಕಲಮು ತಿರುಗಬಹುದು. ಮಗುವಿಗೆ ಮಾತ್ರ ಈ ಶಿಕ್ಷೆ ಇಲ್ಲ.

ರಾಜಸ್ಥಾನದಲ್ಲಿ ಶಿಕ್ಷಕನೊಬ್ಬನ ಮೇಲಿನ ಪ್ರಕರಣವನ್ನು, ಹುಡುಗಿಯ ತಂದೆ ರಾಜಿಯಾಗಿದ್ದಾರೆಂಬ ಕಾರಣಕ್ಕೆ ಹೈಕೋರ್ಟ್ ರದ್ದು ಮಾಡಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನೇ ತಳ್ಳಿಹಾಕಿ ಪ್ರಕರಣಕ್ಕೆ ಮರುಜೀವ ಕೊಟ್ಟಿತು. ರಾಮಜೀ ಲಾಲ್ ಬೈರವಾ ಪ್ರಕರಣ ಎಂದು ಅದರ ಹೆಸರು. ರಾಜಿಪತ್ರ ಹಿಡಿದು ಬರುವ ಮಧ್ಯಸ್ಥರ ಎದುರು ಈ ಹೆಸರು ಹೇಳಿದರೆ ಸಾಕು.

ದೂರು ಕೊಡುವ ಕ್ರಮ ಹೇಳಲು ಸುಲಭ. ಮೊದಲು ವಯಸ್ಸಿನ ದಾಖಲೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್. ಘಟನೆ ನಡೆದ ದಿನದ ವಯಸ್ಸು ಲೆಕ್ಕಕ್ಕೆ ಬರುತ್ತದೆ, ದೂರು ಕೊಟ್ಟ ದಿನದ್ದಲ್ಲ. ಆ ಬಳಿಕ ಹತ್ತಿರದ ಠಾಣೆ, ಯಾವುದಾದರೂ ಆದೀತು. ಗಿಣಿಗೇರಾದವರಿಗೆ ಇದು ಮುಖ್ಯ. ಶಿಬಿರ ಹಂಪಿಯಲ್ಲೋ ಹೊಸಪೇಟೆಯಲ್ಲೋ ನಡೆದಿದ್ದರೆ ಅದು ವಿಜಯನಗರ ಜಿಲ್ಲೆ, "ನಮ್ಮ ಸರಹದ್ದಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಸರಹದ್ದು ಯಾವುದೇ ಇರಲಿ ಮಾಹಿತಿ ದಾಖಲಿಸಿಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಅರ್ಜಿ ತೆಗೆದುಕೊಂಡು ಬರೀ ಹಿಂಬರಹ ಕೊಟ್ಟು ಕಳಿಸಿದರೆ ಅದು ಎಫ್‌ಐಆರ್ ಅಲ್ಲ. ಎಷ್ಟೋ ಜನ ಆ ಚೀಟಿಯನ್ನೇ ವರ್ಷಗಟ್ಟಲೆ ಜೋಪಾನ ಮಾಡಿರುತ್ತಾರೆ. ದಾಖಲಿಸದಿದ್ದರೆ ಎಸ್‌ಪಿಯವರಿಗೆ ಅಂಚೆಯಲ್ಲಿ ಬರೆಯಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬೇಕು.

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದಲ್ಲಿ ಪಡೆಯಬೇಕು, ಸಾಧ್ಯವಾದಷ್ಟೂ ಸಬ್ ಇನ್ಸ್‌ಪೆಕ್ಟರ್‌ಗಿಂತ ಕೆಳಗಿನವರಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು. ಅವರು ಸಮವಸ್ತ್ರದಲ್ಲಿ ಇರಬಾರದು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ವೈದ್ಯಕೀಯ ತಪಾಸಣೆಗೆ ಎಫ್‌ಐಆರ್ ಆಗುವವರೆಗೆ ಕಾಯಬೇಕಿಲ್ಲ, ಹುಡುಗಿಯನ್ನು ಮಹಿಳಾ ವೈದ್ಯರೇ ತಪಾಸಿಸಬೇಕು. ಅಲ್ಲಿಯವರೆಗೆ ಅಂದಿನ ಬಟ್ಟೆಯನ್ನು ಒಗೆಯಬಾರದು. ತಾಯಂದಿರು ಮೊದಲು ಮಾಡುವ ಕೆಲಸವೇ ಅದು. ಮಗುವಿನ ಹೆಸರು, ಫೋಟೊ, ಕಾಲೇಜು ಗುರುತು ಸಿಗುವಂತೆ ಮಾಧ್ಯಮದಲ್ಲಿ ಹಾಕಿದರೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸಜೆ ಆಗಬಹುದು. ಅನುಕಂಪದ ವಾಟ್ಸಪ್ ಸಂದೇಶಗಳನ್ನೂ ಕಳಿಸದಿರುವುದೇ ಕ್ಷೇಮ.

ಒಂದು ತೊಡಕು ಉಳಿಯುತ್ತದೆ. ಶಿಬಿರದಲ್ಲಿ ಪರಸ್ಪರ ಮೆಚ್ಚಿದ ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗನ ನಡುವಿನ ಸಂಬಂಧವೂ ಪೋಕ್ಸೊಕ್ಕೆ ಸಿಗುತ್ತದೆ, ಒಪ್ಪಿಗೆಗೆ ಬೆಲೆಯಿಲ್ಲ. ಜಾತಿ ಬೇರೆಯಾದಾಗ ಮನೆಯವರು ಇದನ್ನೇ ಆಯುಧ ಮಾಡಿಕೊಳ್ಳುವುದುಂಟು. ದ್ವೇಷದಿಂದ ಸುಳ್ಳು ದೂರು ಕೊಟ್ಟ ದೊಡ್ಡವರಿಗೂ ಶಿಕ್ಷೆಯಿದೆ. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಆಗುವುದಿಲ್ಲ.

ವಕೀಲರಿಗೆ ದುಡ್ಡಿಲ್ಲ ಎಂಬ ಚಿಂತೆ ಬೇಡ. ಮಹಿಳೆಯರಿಗೆ, ಮಕ್ಕಳಿಗೆ ಆದಾಯ ನೋಡದೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತ ವಕೀಲರನ್ನು ಕೊಡುತ್ತದೆ, ಸಂಖ್ಯೆ 15100. ಮಕ್ಕಳ ಸಹಾಯವಾಣಿ 1098. ಇನ್ನು, ಸುದ್ದಿ ಹೊರಬೀಳುವ ಮೊದಲೇ ಹುಡುಗಿಯನ್ನು ಕಾಲೇಜು ಬಿಡಿಸಿ ಯಾರಿಗಾದರೂ ಕೊಟ್ಟು ಕೈತೊಳೆದುಕೊಳ್ಳುವ ಯೋಚನೆ ಇದ್ದರೆ, ಹದಿನೆಂಟರ ಒಳಗಿನ ಹುಡುಗಿಯ ಮದುವೆ ಕರ್ನಾಟಕದಲ್ಲಿ 2016ರ ತಿದ್ದುಪಡಿಯಂತೆ ಮೂಲದಿಂದಲೇ ಅಸಿಂಧು, ಮಾಡಿಸಿದವರ ಮೇಲೆ ಇನ್ನೊಂದು ಪ್ರಕರಣ.