ತೋಳ ಹಾವು ಎಂದವನು ನಾನೇ

ಆ ರಾತ್ರಿಯ ಕೇಸ್ ಶೀಟಿನ ಜೆರಾಕ್ಸ್ ಇನ್ನೂ ನನ್ನ ಕಪಾಟಿನಲ್ಲಿದೆ. ಡ್ಯೂಟಿ ಡಾಕ್ಟರು ಮೊದಲ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು ಇಷ್ಟು: ವಿಷವಿಲ್ಲದ ಹಾವು ಕಚ್ಚಿದೆ, ಗುರುತಿಸಿದವರು ರೋಗಿಯೇ, ರೋಗಿ ಪ್ರಾಣಿಶಾಸ್ತ್ರದ ಉಪನ್ಯಾಸಕರು. ಆ ಸಾಲು ನನ್ನನ್ನು ಕೊಂದೇಬಿಡುತ್ತಿತ್ತು. ಡಾಕ್ಟರ ಮೇಲೆ ನನಗೆ ಸಿಟ್ಟಿದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಅವರು ಬರೆದುಕೊಂಡದ್ದು ನನ್ನ ಮಾತನ್ನು.

ಈಗ ಊರಿಗೆ ನಾಲ್ಕು ಜನ ಹಾವು ಹಿಡಿಯುವ ಹುಡುಗರಿದ್ದಾರೆ. ಅವರಿಗಾಗಿ, ಅವರಿಗಿಂತ ಹೆಚ್ಚಾಗಿ ನನ್ನಂತೆ ಓದಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಹಣಕೋಣ ಎಂದರೆ ಹೊರಗಿನವರಿಗೆ ಉಷ್ಣ ವಿದ್ಯುತ್ ಸ್ಥಾವರ ಬೇಡವೆಂದು ನಡೆದ ಹೋರಾಟ ನೆನಪಾಗುತ್ತದೆ, ಇಲ್ಲವೇ ವರ್ಷಕ್ಕೆ ಏಳೇ ದಿನ ಬಾಗಿಲು ತೆರೆಯುವ ಸಾತೇರಿ ದೇವಿ. ನನಗೆ ನೆನಪಾಗುವುದು ಮೊದಲ ಮಳೆಯ ರಾತ್ರಿ ಗದ್ದೆ ತುಂಬ ಕೂಗುವ ಗೂಳಿಕಪ್ಪೆ. ವರ್ಷವಿಡೀ ಕೆಸರಿನ ಬಣ್ಣದಲ್ಲಿರುವ ಗಂಡು ಆ ಹೊತ್ತಿಗೆ ಅರಿಶಿನ ಮೆತ್ತಿಕೊಂಡಂತೆ ಹಳದಿಯಾಗುತ್ತದೆ, ಗಂಟಲಿನ ಎರಡೂ ಬದಿಗೆ ನೀಲಿ ಚೀಲ ಉಬ್ಬಿಸಿಕೊಂಡು ಕೂಗುತ್ತದೆ. ಗ್ಯಾಸ್‌ಲೈಟು ಹಿಡಿದು ಗೋಣಿಚೀಲ ಹೊತ್ತವರೂ ಅದೇ ರಾತ್ರಿ ಗದ್ದೆಗಿಳಿಯುತ್ತಿದ್ದರು. ಬೆಳಗಾಗುವುದರೊಳಗೆ ಚೀಲ ಗೋವಾ ಸೇರುತ್ತಿತ್ತು. 1987ರಲ್ಲಿ ಕಪ್ಪೆಕಾಲಿನ ರಫ್ತು ನಿಷೇಧವಾಯಿತು, ಗದ್ದೆಯ ಬೇಟೆ ನಿಲ್ಲಲಿಲ್ಲ. ಒಂದು ಸಲ ನಮ್ಮ ಅಂಗಳದಲ್ಲಿ ಇಟ್ಟಿದ್ದ ಚೀಲದ ಬಾಯಿ ಬಿಚ್ಚಿ ಅಷ್ಟೂ ಕಪ್ಪೆಗಳನ್ನು ಬಿಟ್ಟುಬಿಟ್ಟೆ. ಬಾಬಾ ಹೊಡೆದರು. ಆಗ ನನಗೆ ಹತ್ತು ವರ್ಷ. ಅಲ್ಲಿಂದ ಧಾರವಾಡದ ಎಂ.ಎಸ್ಸಿ., ಕಾಲೇಜಿನ ನೌಕರಿ, ಮಳೆಗಾಲವೆಲ್ಲ ಕಾಳಿ ಹೊಳೆಯ ಎರಡೂ ದಂಡೆಯಲ್ಲಿ ಟಾರ್ಚ್ ಹಿಡಿದು ಅಲೆದದ್ದು, ಎಲ್ಲವೂ ಆ ಚೀಲದಿಂದಲೇ ಹೊರಟದ್ದು.

ಕಪ್ಪೆ, ಹಾವುಗಳ ವಿಜ್ಞಾನ ಬಹುಪಾಲು ಹೆಸರಿನ ಕೆಲಸ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದ ಸಿ.ಆರ್. ನಾರಾಯಣ ರಾವ್ (1882–1960) ನಮ್ಮ ನಾಡಿನ ಕಪ್ಪೆ ಅಧ್ಯಯನದ ಹಿರಿಯರು. ‘ಕರೆಂಟ್ ಸೈನ್ಸ್’ ಪತ್ರಿಕೆ 1932ರಲ್ಲಿ ಶುರುವಾದಾಗ ಮೊದಲ ಸಂಪಾದಕರೂ ಅವರೇ. 1937ರಲ್ಲಿ ಅವರು ದಕ್ಷಿಣ ಭಾರತದ ಹಲವು ಕಪ್ಪೆಗಳನ್ನು ಹೊಸದಾಗಿ ವಿವರಿಸಿ ಹೆಸರಿಟ್ಟರು. ಆ ಮೂಲ ಮಾದರಿಗಳು ಮುಂದೆ ಕಳೆದುಹೋದವು. ಹೆಸರು ಪುಸ್ತಕದಲ್ಲಿ ಉಳಿಯಿತು, ಇದೇ ಆ ಕಪ್ಪೆ ಎಂದು ತೋರಿಸಲು ಬಾಟಲಿಯಲ್ಲಿ ಏನೂ ಉಳಿಯಲಿಲ್ಲ. ಮುಂದೆ ಬಂದವರು ಅವರು ತಿರುಗಿದ ಕಾಡುಗಳನ್ನೇ ಮತ್ತೆ ತಿರುಗಿ ಒಂದೊಂದಾಗಿ ತಾಳೆ ನೋಡಬೇಕಾಯಿತು. 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ಅವರ ನೆನಪಿಗಾಗಿ ‘ರಾವೊರ್ಕೆಸ್ಟಿಸ್’ ಎಂದು ಹೆಸರಿಟ್ಟಾಗ ನನಗೆ ನನ್ನ ಮನೆಯ ಹಿರಿಯರಿಗೇ ಸನ್ಮಾನವಾದಷ್ಟು ಸಂತೋಷವಾಗಿತ್ತು. ಈ ಕಥೆಯನ್ನು ಪ್ರತಿವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ. ಹುರುಪೆ ಎಣಿಸದೆ, ಕೈಯಲ್ಲಿ ಆಧಾರವಿಲ್ಲದೆ ಹೆಸರು ಹೇಳಬೇಡಿ ಎನ್ನುತ್ತಿದ್ದೆ.

2013ರ ಆಗಸ್ಟ್ ಕೊನೆಯ ವಾರ. ಗುಡ್ಡದ ಚಿರೇಕಲ್ಲು ಹಾಸಿನ ಮೇಲೆ ಮಳೆನೀರು ನಿಂತ ಗುಂಡಿಗಳಲ್ಲಿ ಸಣ್ಣ ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡಿಕೊಂಡು ರಾತ್ರಿ ಒಂಬತ್ತೂವರೆಗೆ ಮನೆಗೆ ಬಂದೆ. ಕರೆಂಟ್ ಇರಲಿಲ್ಲ. ಪಕ್ಕದ ಮನೆಯ ವೈನಿ ಕೊಟ್ಟಿಗೆಯಿಂದ ಕೂಗಿದರು, ಕಟ್ಟಿಗೆ ರಾಶಿಯಲ್ಲಿ ಹಾವು ಕಂಡಿತ್ತು. ಅಣ್ಣನ ಮಗನೂ ನನ್ನ ಹಿಂದೆಯೇ ಬಂದ. ಅವನಿಗೆ ಹದಿನೇಳು, ಪಿಯುಸಿ ಓದುತ್ತಿದ್ದ, ನನ್ನ ಜೊತೆ ಕಪ್ಪೆ ಹುಡುಕಲು ಬರುವವನು.

ಟಾರ್ಚಿನ ಬೆಳಕಿಗೆ ಕಂಡದ್ದು ಒಂದೂವರೆ ಗೇಣಿನ ಕಪ್ಪು ಹಾವು, ಮೈಮೇಲೆ ಬಿಳಿ ಪಟ್ಟಿ. ಪಟ್ಟಿಗಳು ಕುತ್ತಿಗೆಯ ಹತ್ತಿರದಿಂದಲೇ ಶುರುವಾಗಿದ್ದವು. ದೊಡ್ಡ ಕಟ್ಟುಹಾವಿನಲ್ಲಿ ಮುಂದಿನ ಭಾಗದ ಪಟ್ಟಿ ಮಾಸಿರುತ್ತದೆ, ತೋಳ ಹಾವಿನಲ್ಲಿ ಎದ್ದು ಕಾಣುತ್ತದೆ. ಮರಿ ಕಟ್ಟುಹಾವಿನಲ್ಲೂ ಎದ್ದು ಕಾಣುತ್ತದೆ ಎಂಬುದು ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಕೇಳಿದ್ದರೆ ಬರೆದೂ ಬಿಡುತ್ತಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ. “ತೋಳ ಹಾವು, ವಿಷ ಇಲ್ಲ” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಬರಿಗೈಯಲ್ಲಿ ಎತ್ತಿಕೊಂಡೆ. ಕಿರುಬೆರಳಿನ ಬುಡಕ್ಕೆ ಕಚ್ಚಿ ಹಿಡಿಯಿತು. ತೋಳ ಹಾವು ಮುಟ್ಟಿದರೆ ಕಚ್ಚುವ ಸ್ವಭಾವದ್ದು. ಕಚ್ಚಿದ್ದನ್ನೇ ನಾನು ನನ್ನ ಮಾತಿಗೆ ಸಾಕ್ಷಿ ಎಂದುಕೊಂಡೆ. ನೋವಿಲ್ಲ, ಊತವಿಲ್ಲ, ಸೂಜಿ ತಾಗಿದಷ್ಟೂ ಗುರುತಿಲ್ಲ. ಬಟ್ಟೆ ಚೀಲಕ್ಕೆ ಹಾಕಿ ಗಂಟು ಬಿಗಿದು, ಗುಡ್ಡದ ಕಡೆ ಬಿಟ್ಟು ಬಾ ಎಂದು ಅಣ್ಣನ ಮಗನ ಕೈಗೆ ಕೊಟ್ಟೆ. ಕೈ ತೊಳೆದು ಊಟಕ್ಕೆ ಕುಳಿತೆ.

ಅಂಕೋಲೆಯ ಕಡೆಯವಳಾದ ನನ್ನ ಹೆಂಡತಿ ಆಸ್ಪತ್ರೆಗೆ ಹೋಗಿ ಬರುವ ಎಂದು ಎರಡು ಸಲ ಹೇಳಿದಳು. ಎರಡನೇ ಸಲಕ್ಕೆ ನಾನು ಗದರಿಸಿದೆ.

ಎರಡು ಗಂಟೆಗೆ ಹೊಟ್ಟೆ ಹಿಂಡಿ ಎಚ್ಚರವಾಯಿತು. ಮೀನಿನದು ಎಂದುಕೊಂಡೆ. ಮೂರೂವರೆಗೆ ಅವಳು ಚಿಮಣಿ ದೀಪ ಮುಖದ ಹತ್ತಿರ ತಂದು, “ರೀ, ನಿಮ್ಮ ಕಣ್ಣು ಎಂತಕ್ಕೆ ಹೀಂಗೆ ಮುಚ್ಕಂಡದೆ?” ಎಂದಳು. ನಿದ್ದೆ ಎಂದೆ. ಅವಳು ನನ್ನನ್ನು ಮತ್ತೆ ಕೇಳಲಿಲ್ಲ, ಅಣ್ಣನನ್ನು ಎಬ್ಬಿಸಿದಳು. ಇಂದು ನಾನಿದ್ದೇನೆ ಎಂದರೆ ಅದಕ್ಕೆ ಮೊದಲ ಕಾರಣ ಅವಳು ಆಗ ನನ್ನ ಮಾತು ಕೇಳದೆ ಹೋದದ್ದು. 2024ರ ಆಗಸ್ಟ್‌ನಲ್ಲಿ ಕುಸಿದು ಹೊಳೆಗೆ ಬಿದ್ದ ಕಾಳಿ ಸೇತುವೆಯ ಮೇಲೆಯೇ ಅಣ್ಣ ಆ ರಾತ್ರಿ ಓಮ್ನಿ ಓಡಿಸಿದ. ಸೇತುವೆಯ ದೀಪಗಳು ನನಗೆ ಎರಡೆರಡಾಗಿ ಕಂಡವು. ಆಗಲೂ ಮೋಡದ ಹೊತ್ತು, ಅದಕ್ಕೇ ಹೀಗೆ ಎಂದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರು ಯಾವ ಹಾವು ಎಂದು ಕೇಳಿದರು. ಲ್ಯಾಟಿನ್ ಹೆಸರನ್ನೂ ಸೇರಿಸಿ ಹೇಳಿದೆ. ನಾಲಗೆ ಆಗಲೇ ದಪ್ಪವಾಗಿತ್ತು, ಆದರೂ ಹೇಳಿದೆ. ಅವರು ಗಾಜಿನ ನಳಿಗೆಯಲ್ಲಿ ರಕ್ತ ತೆಗೆದು ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟರು. ರಕ್ತ ಹೆಪ್ಪುಗಟ್ಟಿತು. ವಿಷ ಏರಿಲ್ಲ, ಗಾಬರಿಯಾಗಿದ್ದಾರೆ ಎಂದರು. ಆ ಪರೀಕ್ಷೆ ಮಂಡಲದ ಹಾವುಗಳಿಗೆ ಸರಿ, ಅವುಗಳ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕಟ್ಟುಹಾವಿನ ವಿಷ ರಕ್ತದ ತಂಟೆಗೆ ಹೋಗುವುದಿಲ್ಲ, ನರದ ತುದಿಯನ್ನು ಹಾಳುಗೆಡವುತ್ತದೆ. ನನ್ನ ಮಾತು ಪಕ್ಕಕ್ಕಿಟ್ಟು ಅವರು ನನ್ನ ಕಣ್ಣು ನೋಡಬೇಕಿತ್ತು. ನೋಡಲಿಲ್ಲ. ಈ ಸಿಟ್ಟು ನನಗೆ ಹೋಗಿಲ್ಲ.

ಹಾಸಿಗೆಯ ಮೇಲೆ ಮಲಗಿ ನಾನು ಆ ಹಾವನ್ನು ಮತ್ತೆ ಮನಸ್ಸಿಗೆ ತಂದುಕೊಂಡೆ. ಕಣ್ಣು ತೆರೆಯಲಾಗದಿದ್ದುದರಿಂದ ಕಾಣಿಸಲಿಲ್ಲ, ಹೆಬ್ಬೆರಳಿಗೆ ನೆನಪಾಯಿತು. ಎತ್ತಿಕೊಂಡಾಗ ಹೆಬ್ಬೆರಳು ಬೆನ್ನಿನ ನಡುಗೆರೆಯ ಮೇಲೆ ಕೂತಿತ್ತು. ಅಲ್ಲಿ ಹುರುಪೆಗಳು ಬದಿಯವುಗಳ ಹಾಗೆ ಸಣ್ಣಗೆ ಹೆಣೆದುಕೊಂಡಿರಲಿಲ್ಲ. ಅಗಲವಾಗಿ, ಒಂದರ ಹಿಂದೊಂದು ಹೆಂಚು ಹೊದೆಸಿದಂತೆ ಇದ್ದವು. ಆರು ಮೂಲೆಯ ಅಗಲ ಹುರುಪೆಯ ಸಾಲು. ತೋಳ ಹಾವಿಗೆ ಅದಿಲ್ಲ, ಕಟ್ಟುಹಾವಿಗಿದೆ. ನಡುಮೈಯ ಸಾಲು ಎಣಿಸಿದ್ದರೆ ಅದಕ್ಕೆ 17, ಇದಕ್ಕೆ ಸಾಮಾನ್ಯವಾಗಿ 15. ಹದಿನೆಂಟು ವರ್ಷ ಪಾಠ ಹೇಳಿದ್ದು ಇದನ್ನೇ. ಸರಿಯಾದ ಹೆಸರು ಆಗ ಬಾಯಿಯ ತುದಿಗೆ ಬಂತು. ಹೇಳಲು ಹೋದೆ, ಮೂಗಿನಿಂದ ಗಾಳಿ ಬಂತು. ಮತ್ತೆ ಹೇಳಿದೆ, ಜೊಲ್ಲು ಇಳಿಯಿತು. ಕೈಸನ್ನೆ ಮಾಡೋಣವೆಂದರೆ ಕೈ ಹಾಸಿಗೆಯಿಂದ ಏಳಲಿಲ್ಲ. ಡಾಕ್ಟರು ಎರಡು ಮಾರು ದೂರದಲ್ಲಿ ಇನ್ನೊಬ್ಬ ರೋಗಿಯ ಜೊತೆ ಮಾತಾಡುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಉಸಿರು ಎದೆಯ ಮೇಲ್ಭಾಗದಲ್ಲೇ ತಿರುಗಿ ಹೊರಗೆ ಹೋಗುತ್ತಿತ್ತು. ಎಷ್ಟು ಹೊತ್ತೋ ಹೇಳಲಾರೆ. ಒಂದು ಹೆಸರು, ನಾಲ್ಕು ಅಕ್ಷರ, ಅದನ್ನು ಹೇಳಲಾಗದೆ ಸಾಯುತ್ತೇನೆ ಎಂಬುದು ಖಚಿತವಾಗಿತ್ತು.

ಒಬ್ಬ ನರ್ಸ್ ಬಂದು ನನ್ನ ಹಣೆ ಹಿಡಿದು ರೆಪ್ಪೆ ಎತ್ತಿ ಬಿಟ್ಟರು. “ಸರ್, ರೆಪ್ಪೆ ನಿಲ್ತಾ ಇಲ್ಲ. ಇದು ಕಟ್ಟುಹಾವೇ” ಎಂದರು. ಅವರ ಹೆಸರನ್ನು ಅವರ ಅನುಮತಿಯಿಲ್ಲದೆ ಬರೆಯಲಾರೆ. ಹತ್ತು ಬಾಟಲಿ ಪ್ರತಿವಿಷ ಏರಿಸಿದರು. ಆದರೆ ಒಮ್ಮೆ ಹಾಳಾದ ನರದ ತುದಿಯನ್ನು ಪ್ರತಿವಿಷ ಸರಿಮಾಡಲಾರದು. ಅದು ತಾನೇ ಚಿಗುರಬೇಕು, ಅಲ್ಲಿಯವರೆಗೆ ಬೇರೆಯವರು ಉಸಿರಾಡಿಸಬೇಕು. ವೆಂಟಿಲೇಟರ್ ಖಾಲಿಯಿರಲಿಲ್ಲ. ಗಂಟಲಿಗೆ ಕೊಳವೆ ಹಾಕಿ ಆಂಬ್ಯುಲೆನ್ಸಿನಲ್ಲಿ ಗೋವಾಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಸಿಬ್ಬಂದಿಯ ಜೊತೆ ಸರದಿಯಂತೆ ಅಂಬು ಬ್ಯಾಗ್ ಒತ್ತಿದವನು ಅಣ್ಣನ ಮಗ. ಒಂದು, ಎರಡು, ಮೂರು, ಒತ್ತು ಎಂದು ಅವನು ಎಣಿಸುವುದು ಕಾಣಕೋಣದ ಘಾಟಿಯಲ್ಲೂ ನಿಲ್ಲಲಿಲ್ಲ.

ಮೂರು ದಿನ ನಾನು ಹೊರಗಿನವರ ಲೆಕ್ಕಕ್ಕೆ ಹೆಣ. ರೆಪ್ಪೆಗೆ ಪ್ಲಾಸ್ಟರ್ ಅಂಟಿಸಿದ್ದರು, ಟಾರ್ಚ್ ಬಿಟ್ಟರೆ ಪಾಪೆ ಕುಗ್ಗುತ್ತಿರಲಿಲ್ಲ. ಕಟ್ಟುಹಾವಿನ ವಿಷ ಏರಿದವರು ಮಿದುಳು ಸತ್ತವರಂತೆ ಕಾಣುತ್ತಾರೆ, ಒಳಗೆ ಎಚ್ಚರವಿರುತ್ತದೆ. ಎರಡನೇ ದಿನ ಮಾಮಾ ಬಂದರು. ನನ್ನ ಮಂಚದ ಪಕ್ಕದಲ್ಲೇ ನಿಂತು ಅಣ್ಣನಿಗೆ ಹೇಳಿದರು: “ಚೌತಿ ಹತ್ತಿರ ಬಂತು. ಎಳೆದು ಎಳೆದು ಹೋದರೆ ಸೂತಕ ದೇವಿಯ ಏಳು ದಿನಕ್ಕೇ ಬಂದು ಕೂತುಕೊಳ್ಳುತ್ತದೆ. ಡಾಕ್ಟರ ಹತ್ತಿರ ಒಂದು ಮಾತು ಕೇಳು.” ಅಣ್ಣ ಉತ್ತರ ಕೊಡಲಿಲ್ಲ. ಮಾಮಾ ಈಗಿಲ್ಲ. ಅವರ ಕೊನೆಯ ಕಾಲದಲ್ಲಿ ಸೇವೆ ಮಾಡಿದೆ, ಆ ಮಾತನ್ನು ಮಾತ್ರ ಕ್ಷಮಿಸಲಾಗಿಲ್ಲ. ಮೂರನೇ ದಿನ ಹಿರಿಯ ಡಾಕ್ಟರೊಬ್ಬರು ಕಿವಿಯ ಹತ್ತಿರ ಬಂದು, ಕೇಳಿಸುತ್ತಿದ್ದರೆ ಕಾಲಿನ ಹೆಬ್ಬೆರಳು ಆಡಿಸಿ ಎಂದರು. ಆಡಿಸಿದೆ. ಎರಡು ಸಲ ಆಡಿಸಿದೆ.

ಚೇತರಿಸಿಕೊಳ್ಳುವಾಗ ಇಬ್ಬರ ಕಥೆ ಓದಿದೆ. ಶಿಕಾಗೋದ ಕಾರ್ಲ್ ಸ್ಮಿತ್ ದೊಡ್ಡ ಉರಗ ವಿಜ್ಞಾನಿ. 1957ರ ಸೆಪ್ಟೆಂಬರ್ 25ರಂದು, ಗುರುತಿಸಿಕೊಡಿ ಎಂದು ಮೃಗಾಲಯದವರು ಕಳಿಸಿದ್ದ ಬೂಮ್‌ಸ್ಲ್ಯಾಂಗ್ ಎಂಬ ಆಫ್ರಿಕಾದ ಮರಹಾವಿನ ಮರಿ ಕಚ್ಚಿತು. ಇಷ್ಟು ಚಿಕ್ಕದು ಕೊಲ್ಲಲಾರದು ಎಂದುಕೊಂಡು ತಮಗಾಗುತ್ತಿದ್ದುದನ್ನು ಗಂಟೆಗಂಟೆಗೆ ಬರೆದಿಟ್ಟರು, ಮರುದಿನ ತೀರಿಕೊಂಡರು. ಇನ್ನೊಬ್ಬರು ಜೋ ಸ್ಲೊವಿನ್ಸ್ಕಿ. 2001ರ ಸೆಪ್ಟೆಂಬರ್‌ನಲ್ಲಿ ಬರ್ಮಾದ ಕಾಡಿನಲ್ಲಿ, ವಿಷವಿಲ್ಲದ ಪಟ್ಟೆಹಾವು ಎಂದುಕೊಂಡಿದ್ದ ಚೀಲಕ್ಕೆ ಕೈ ಹಾಕಿದರು. ಒಳಗಿದ್ದದ್ದು ಕಟ್ಟುಹಾವಿನ ಜಾತಿಯದು. ಜೊತೆಯವರು ಬಾಯಿಗೆ ಬಾಯಿ ಕೊಟ್ಟು ಗಂಟೆಗಟ್ಟಲೆ ಉಸಿರು ತುಂಬಿದರೂ ಉಳಿಯಲಿಲ್ಲ, ವಯಸ್ಸು 38. ಇದನ್ನು ಓದಿದ ದಿನ ಊಟ ಸೇರಲಿಲ್ಲ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬ ಅಂದಾಜಿದೆ, ವರ್ಷಕ್ಕೆ 58 ಸಾವಿರ. ಬಹಳಷ್ಟು ಜನ ಹಳ್ಳಿಯವರು. 2024ರಲ್ಲಿ ಕರ್ನಾಟಕ ಸರಕಾರ ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದಿತು. ಒಳ್ಳೆಯದಾಯಿತು. ನಾನು ಹೇಳುವುದು ಇಷ್ಟೇ. ಹಾವು ಕಚ್ಚಿದರೆ ಹೆಸರು ಹೇಳಬೇಡಿ, ಕಂಡದ್ದನ್ನು ಹೇಳಿ: ಬಣ್ಣ, ಉದ್ದ, ಕಚ್ಚಿದ ಗಂಟೆ. ದೂರದಿಂದ ಫೋಟೋ ಇದ್ದರೆ ತೋರಿಸಿ, ಇಲ್ಲದಿದ್ದರೆ ಅದಕ್ಕಾಗಿ ಹಾವಿನ ಹಿಂದೆ ಹೋಗಬೇಡಿ. ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, 108ಕ್ಕೆ ಫೋನ್ ಮಾಡಿ. ನೋವಿಲ್ಲ ಎಂದು ಮಲಗಬೇಡಿ. ರೆಪ್ಪೆ ಇಳಿದರೆ, ನುಂಗಲು ಕಷ್ಟವಾದರೆ, ರಾತ್ರಿ ಕಾರಣವಿಲ್ಲದೆ ಹೊಟ್ಟೆ ಹಿಂಡಿದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ. ಮಳೆಗಾಲದಲ್ಲಿ ನೆಲದ ಮೇಲೆ ಮಲಗುವವರು ಸೊಳ್ಳೆಪರದೆಯ ಅಂಚನ್ನು ಚಾಪೆಯ ಅಡಿಗೆ ಸಿಕ್ಕಿಸಿಕೊಳ್ಳಿ.

ಕೆಲಸ ಬಿಟ್ಟೆಯಾ ಎಂದು ಕೇಳುತ್ತಾರೆ. ಬಿಟ್ಟಿಲ್ಲ. 2014ರಲ್ಲಿ ನಮ್ಮದೇ ಜಿಲ್ಲೆಯ ಕತ್ತಲೆಕಾನಿನಿಂದ ಗುರುರಾಜ ಕೆ.ವಿ. ಮತ್ತು ಜೊತೆಗಾರರು ‘ಕುಂಬಾರ’ ಕಪ್ಪೆಯನ್ನು ಲೋಕಕ್ಕೆ ತಿಳಿಸಿದರು. ಗಂಡು ಕಪ್ಪೆ ಮುಂಗೈಯಲ್ಲಿ ಮಣ್ಣು ಬಾಚಿ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದನ್ನು ನೋಡಲು ಊರುಗೋಲು ಹಿಡಿದೇ ಹೋದೆ. ಪಶ್ಚಿಮಘಟ್ಟದ ಕಾಳಿಂಗ ಸರ್ಪ ಬೇರೆಯೇ ಪ್ರಭೇದ ಎಂದು 2024ರಲ್ಲಿ ಖಚಿತವಾಗಿ, ಅದರ ವೈಜ್ಞಾನಿಕ ಹೆಸರಿಗೆ ‘ಕಾಳಿಂಗ’ ಎಂಬ ನಮ್ಮ ಮಾತೇ ಸೇರಿದಾಗ ಕ್ಲಾಸಿನಲ್ಲಿ ಕಣ್ಣು ತುಂಬಿತು. ಹಾವನ್ನು ಮಾತ್ರ ಕೈಯಲ್ಲಿ ಹಿಡಿಯುವುದಿಲ್ಲ.

ಮನೆಗೆ ಬಂದು ಎರಡು ತಿಂಗಳಾದ ಮೇಲೆ ಅಣ್ಣನ ಮಗ ತನ್ನ ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದ. ನಾನು ಕೈ ಹಾಕುವ ಮೊದಲು ಕಟ್ಟಿಗೆ ರಾಶಿಯ ಮೇಲಿದ್ದ ಹಾವನ್ನು ಅವನು ತೆಗೆದಿದ್ದ. ದೊಡ್ಡದು ಮಾಡಿದರೆ ನಡುಬೆನ್ನಿನ ಆರು ಮೂಲೆಯ ಸಾಲು ಯಾರಿಗಾದರೂ ಕಾಣುತ್ತದೆ. ಆ ಫೋನು ಅಷ್ಟು ಹೊತ್ತೂ ಆಸ್ಪತ್ರೆಯ ವರಾಂಡದಲ್ಲಿ ಅವನ ಜೇಬಿನಲ್ಲೇ ಇತ್ತು. ಯಾಕೋ ತೋರಿಸಲಿಲ್ಲ ಎಂದೆ.

“ಕಾಕಾ, ನೀವು ತೋಳ ಹಾವು ಅಂದಿದ್ರಲ್ಲ.”

ಮತ್ತೆ ಆ ಚೀಲದ ಬಗ್ಗೆ ಕೇಳಿದೆ. ಗುಡ್ಡಕ್ಕೆ ಹೋಗಿ ಹೇಗೆ ಬಿಟ್ಟೆ ಎಂದೆ. ಮಳೆಗೆ ಬಟ್ಟೆ ನೆಂದು ಗಂಟು ಬಿಗಿದುಕೊಂಡಿತ್ತು, ಬೆರಳಿಗೆ ಬರಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದೆ ಎಂದ.