ಗುಡ್ಡದ ಓರೆಯ ಉದ್ಯಾನಪುರ

ಪಟ್ಟಣಕ್ಕೆ ಸಮೀಪವಾಗಿಯೂ ಹಳ್ಳಿಯಂತೆ ಪ್ರಶಾಂತವಾಗಿಯೂ ಇರುವ ಸ್ಥಳದಲ್ಲಿ ವಾಸಿಸಲು ಅಪೇಕ್ಷಿಸದವರು ವಿರಳ. ಆದರೆ ಇಂಥ ಸ್ಥಳಗಳು ತಾವಾಗಿಯೇ ಉಳಿಯುವುದಿಲ್ಲ. ರೈಲುದಾರಿ ಬಂದೊಡನೆ ನೆಲದ ಬೆಲೆ ಏರುವುದು; ಮರಗಳು ಉರುಳುವುವು; ಹಸುರನ್ನು ಅರಸಿ ಬಂದವರ ಮನೆಗಳೇ ಆ ಹಸುರನ್ನು ನುಂಗಿಬಿಡುವುವು. ಇದನ್ನು ತಡೆಯುವ ಬಗೆ ಯಾವುದು? ಲಂಡನ್ ನಗರದ ಉತ್ತರಕ್ಕಿರುವ ಹ್ಯಾಂಪ್‌ಸ್ಟೆಡ್ ಉದ್ಯಾನಪುರದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವೂ ಒಂದು ಎಚ್ಚರಿಕೆಯೂ ಉಂಟು.

ಈ ಪುರವನ್ನು ಸ್ಥಾಪಿಸಿದವಳು ಹೆನ್ರಿಯೆಟ್ಟಾ ಬಾರ್ನೆಟ್ (1851–1936) ಎಂಬ ಮಹಿಳೆ. ಈಕೆಯು 1873ರಲ್ಲಿ ಸಭಾಪಾಲಕನಾದ ತನ್ನ ಪತಿಯೊಡನೆ ಪೂರ್ವ ಲಂಡನ್ನಿನ ವೈಟ್‌ಚ್ಯಾಪಲ್ ಎಂಬಲ್ಲಿಗೆ ಬಂದು, ಇಕ್ಕಟ್ಟಾದ ಕೇರಿಗಳ ಬಡಜನರ ನಡುವೆ ಬಹುಕಾಲ ಸೇವೆ ಮಾಡಿದಳು. ಗಾಳಿ ಬೆಳಕಿಲ್ಲದ ಮನೆಯು ಶರೀರವನ್ನಷ್ಟೇ ಅಲ್ಲ, ಮನಸ್ಸನ್ನೂ ಕುಗ್ಗಿಸುವುದೆಂಬುದನ್ನು ಆಕೆ ಅಲ್ಲಿ ಕಣ್ಣಾರೆ ಕಂಡಳು.

ಹ್ಯಾಂಪ್‌ಸ್ಟೆಡ್ ಹೀತ್ ಎಂಬುದು ಲಂಡನ್ನಿನಲ್ಲಿರುವ, ಮರಗಳಿಂದ ಕೂಡಿದ ಎತ್ತರದ ಬಯಲು. ನೆಲದಡಿಯ ರೈಲು ಆ ಕಡೆಗೆ ಬರಲಿರುವ ಸುದ್ದಿ ಹರಡಲು, ಬಯಲಿನ ಉತ್ತರದ ಹೊಲಗಳೆಲ್ಲ ಮನೆಸಾಲುಗಳಾಗುವುದು ನಿಶ್ಚಯವೆಂದು ತೋರಿತು. ಆಗ ಬಾರ್ನೆಟ್ ಮುಂತಾದವರು ಧನಸಂಗ್ರಹ ಮಾಡಿ 80 ಎಕರೆ ನೆಲವನ್ನು ಸಾರ್ವಜನಿಕರಿಗಾಗಿ ಉಳಿಸಿದರು. ಅದರ ಪಕ್ಕದ 243 ಎಕರೆಯಲ್ಲಿ ಹೊಸ ಪುರವನ್ನು ಕಟ್ಟಲು ನಿಶ್ಚಯಿಸಿದರು. 1906ರಲ್ಲಿ ಇದಕ್ಕಾಗಿಯೇ ಪಾರ್ಲಿಮೆಂಟಿನಲ್ಲಿ ಒಂದು ಕಾಯಿದೆಯಾಯಿತು. 1907ರಲ್ಲಿ ಕೆಲಸವು ಆರಂಭವಾಯಿತು. ಅದೇ ವರ್ಷ ಸಮೀಪದ ಗೋಲ್ಡರ್ಸ್ ಗ್ರೀನ್ ರೈಲುನಿಲ್ದಾಣವೂ ತೆರೆಯಿತು.

ರೇಮಂಡ್ ಅನ್ವಿನ್ ಎಂಬ ಶಿಲ್ಪಿಯು ಪುರದ ನಕ್ಷೆಯನ್ನು ರಚಿಸಿದನು. ಅದರ ನಿಯಮಗಳು ಗಮನಿಸತಕ್ಕವು. ಸರಾಸರಿ ಎಕರೆಯೊಂದಕ್ಕೆ 8 ಮನೆಗಳಿಗಿಂತ ಹೆಚ್ಚು ಇರಕೂಡದು. ಮನೆಗಳ ನಡುವೆ ಗೋಡೆಯ ಬದಲು ಗಿಡಬೇಲಿ ಇರಬೇಕು. ಬೀದಿಗಳ ಬದಿಯಲ್ಲಿ ಮರಗಳನ್ನು ಬೆಳೆಸಬೇಕು. ಕಾಡು, ಉದ್ಯಾನಗಳು ಬಾಡಿಗೆಯ ಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕು. ಧನಿಕರೂ ಕೈಕಸಬಿನವರೂ ಒಂದೇ ಊರಿನವರಾಗಿ ಬಾಳಬೇಕೆಂಬುದೇ ಸ್ಥಾಪಕಿಯ ಮುಖ್ಯ ಆಶಯವಾಗಿತ್ತು. ದುಡಿದು ಜೀವಿಸುವ ಒಂಟಿ ಸ್ತ್ರೀಯರಿಗಾಗಿ 1909ರಲ್ಲಿ ವಾಟರ್‌ಲೋ ಕೋರ್ಟ್ ಎಂಬ ವಸತಿಗೃಹವೂ ಸಿದ್ಧವಾಯಿತು. ಎತ್ತರದ ನಡುಚೌಕದಲ್ಲಿ ಎರಡು ದೇವಾಲಯಗಳನ್ನೂ ವಿದ್ಯಾಮಂದಿರವನ್ನೂ ರಚಿಸಿದವನು, ಮುಂದೆ ಹೊಸ ದಿಲ್ಲಿಯ ನಿರ್ಮಾಣದಲ್ಲಿ ಹೆಸರಾದ ಎಡ್ವಿನ್ ಲಟ್ಯೆನ್ಸ್. 1911ರಲ್ಲಿ ಸ್ಥಾಪಿತವಾದ, ಆಕೆಯ ಹೆಸರಿನ ಬಾಲಿಕಾ ಪಾಠಶಾಲೆಯು ಇಂದಿಗೂ ಅಲ್ಲಿ ನಡೆಯುತ್ತಿದೆ.

ಉದ್ದೇಶವು ಸಫಲವಾಯಿತೇ? ಅರ್ಧ ಮಾತ್ರ. 1968ರಲ್ಲಿ ಸ್ಥಾಪಿತವಾದ ಟ್ರಸ್ಟ್ ಒಂದರ ಕಾವಲಿನಲ್ಲಿ ಮರಗಳೂ ಬೇಲಿಗಳೂ ಉಳಿದಿವೆ. ಮನೆಯ ಹೊರರೂಪವನ್ನು ಬದಲಿಸಲು ಯಜಮಾನನೂ ಅದರ ಅನುಮತಿಯನ್ನು ಪಡೆಯಬೇಕು. ಆದರೆ ಸೊಬಗು ಉಳಿದಂತೆ ಬೆಲೆಯೂ ಏರಿತು. ಕೂಲಿಕಾರರಿಗೆಂದು ಕಟ್ಟಿದ ಚಿಕ್ಕ ಮನೆಗಳನ್ನು ಕೂಡ ಇಂದು ಸಾಧಾರಣ ಸಂಬಳದವರು ಕೊಳ್ಳಲಾರರು. ಮರವನ್ನು ಕಾಯಲು ನಿಯಮವಿತ್ತು. ಮರದ ನೆರಳಿನಲ್ಲಿ ಬಡವನ ಪಾಲನ್ನು ಕಾಯಲು ಅಷ್ಟೇ ಬಲವಾದ ನಿಯಮವಿರಲಿಲ್ಲ.

ವಿದ್ಯಾರ್ಥಿನಿಯರೇ, ಮುಂದೆ ನಿಮ್ಮಲ್ಲಿ ಕೆಲವರು ಊರುಗಳ ಆಡಳಿತದಲ್ಲಿ ಪಾಲುಗೊಳ್ಳುವಿರಿ. ಹೊಸ ಬಡಾವಣೆಯ ನಕ್ಷೆಯು ನಿಮ್ಮ ಮುಂದೆ ಬಂದಾಗ ಎರಡು ಪ್ರಶ್ನೆಗಳನ್ನು ಕೇಳಿರಿ: ಇಲ್ಲಿ ಮರಗಳಿಗೆ ಸ್ಥಳವುಂಟೋ? ಆ ಮರಗಳು ಬೆಳೆದು ನೆರಳು ಕೊಡುವ ಕಾಲಕ್ಕೆ ಬಡವರಿಗೂ ಇಲ್ಲಿ ಸ್ಥಳವಿರುವುದೋ?